ಒಂದು ಪ್ಲಾಸ್ಟಿಕ್ ಕುರ್ಚಿಯ ಋಣ

ಅಣ್ಣ ತನ್ನ ಫೋನನ್ನು ನನ್ನ ಮುಖದ ಹತ್ತಿರ ತಂದು ಹಿಡಿದ. ಪರದೆಯ ಮೇಲೆ ಒಂದು ಕೋಷ್ಟಕ. ಕೆಳಗಿನಿಂದ ಮೂರನೇ ಸಾಲಿನ ಪಕ್ಕ ಅವನ ಹೆಬ್ಬೆರಳು, ಒತ್ತಿ ಹಿಡಿದದ್ದಕ್ಕೆ ಉಗುರಿನ ತುದಿ ಬೆಳ್ಳಗಾಗಿತ್ತು. ಓದಿದೆ. ಒಂದು ಸಾಲು ಓದುವುದಕ್ಕೆ ಎಷ್ಟು ಹೊತ್ತು ಬೇಕು? ಕಾಲು ಗಂಟೆಯಿಂದ ನಾನು ದನಿ ಏರಿಸಿ ಹೇಳುತ್ತಿದ್ದ ಅಂಕಿ ತಪ್ಪು, ಅವನು ಹೇಳುತ್ತಿದ್ದದ್ದೇ ಸರಿ ಅಂತ ಕಣ್ಣಿಗೆ ಗೊತ್ತಾಯಿತು. ಮನಸ್ಸಿಗೂ ಗೊತ್ತಾಯಿತು. ಬಾಯಿ ಮಾತ್ರ ಬೇರೆ ಯಾರದ್ದೋ ಆಗಿತ್ತು.

"ನೋಡಿದ್ಯಾ?" ಅಂದ.

"ಅದರ ಸಂದರ್ಭವೇ ಬೇರೆ," ಅಂದೆ.

ಯಾವ ಸಂದರ್ಭವೂ ಬೇರೆ ಇರಲಿಲ್ಲ. ನಾವಿಬ್ಬರೂ ಅದೇ ವರ್ಷದ ಅದೇ ಲೆಕ್ಕದ ಬಗ್ಗೆ ಮಾತಾಡುತ್ತಿದ್ದೆವು. ನನ್ನ ಕಿವಿ ಬಿಸಿಯಾಗಿತ್ತು, ಬೆರಳು ನಡುಗುತ್ತಿತ್ತು. ಅವನು ನಕ್ಕ. ಅದು ಗೆದ್ದ ನಗುವೋ ಬೇಜಾರಿನ ನಗುವೋ ಈಗ ಹೇಳಲಾರೆ, ಆಗ ಮಾತ್ರ ಗೆದ್ದ ನಗುವಿನ ಹಾಗೇ ಕಂಡಿತು. ಎದ್ದು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ನಲವತ್ತೊಂದು ವರ್ಷದ ಹೆಂಗಸು, ಒಂದು ಅಂಕಿಗೋಸ್ಕರ ಚಿಲಕ ಹಾಕಿಕೊಂಡೆ. ಹೊರಗೆ ಅತ್ತಿಗೆ, "ಬಿಡಿ ಅತ್ಲಾಗೆ, ಅವಳ ಸ್ವಭಾವ ನಿಮಗೆ ಗೊತ್ತಿಲ್ವಾ," ಅನ್ನುವುದು ಕೇಳಿಸಿತು.

ಸ್ವಭಾವ! ಅತ್ತಿಗೆ ಅಳೆದು ತೂಗಿ ಆಡಿದ ಮಾತಲ್ಲ. ಆದರೆ ಆ ಮಾತು ಎರಡು ವರ್ಷದಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ನನ್ನ ರಾಜಕೀಯ ಅಭಿಪ್ರಾಯ ಅವರ ಪಾಲಿಗೆ ಅಭಿಪ್ರಾಯವಾಗಿ ಉಳಿದೇ ಇರಲಿಲ್ಲ. ನನ್ನ ಮುಂಗೋಪದ ಹಾಗೆ, ಗುಂಗುರು ಕೂದಲಿನ ಹಾಗೆ, ಅದು ನಾನೇ ಆಗಿಹೋಗಿತ್ತು. ಅತ್ತಿಗೆ ತಪ್ಪೇನೂ ಹೇಳಿರಲಿಲ್ಲ.

ಅದು ಯಾವ ಅಂಕಿ, ನಾನು ಯಾವ ಕಡೆ, ಅಣ್ಣ ಯಾವ ಕಡೆ ಅಂತ ಇಲ್ಲಿ ಬರೆಯುವುದಿಲ್ಲ. ಹೆದರಿ ಬಚ್ಚಿಡುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನ ಪರಿಚಯ ಇರುವವರಿಗೆಲ್ಲ ಅದು ಗೊತ್ತು. ಆದರೆ ಬರೆದ ಮರುಕ್ಷಣ ನಿಮ್ಮಲ್ಲಿ ಅರ್ಧ ಜನ "ಓ, ನಮ್ಮವಳು" ಅಂತ ಸಡಿಲವಾಗಿ ಕೂರುತ್ತೀರಿ, ಇನ್ನರ್ಧ ಜನ "ಓ, ಅವರಾ" ಅಂತ ಹುಬ್ಬು ಗಂಟಿಕ್ಕುತ್ತೀರಿ. ಆಮೇಲೆ ನಾನು ಏನು ಬರೆದರೂ ಅದನ್ನು ನೀವು ಓದುವುದಿಲ್ಲ, ನನ್ನನ್ನು ಓದುತ್ತೀರಿ. ಈಗಲೇ ಕೆಲವರು ಸುಳಿವು ಹುಡುಕಲು ಶುರು ಮಾಡಿರಬಹುದು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಕರಡು ತಿದ್ದುವುದು ನನ್ನ ಕಸುಬು. ಬೇರೆಯವರ ಬರಹದಲ್ಲಿ ತಪ್ಪು ಹುಡುಕುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತೇನೆ. ಇಸವಿ ತಪ್ಪಿದ್ದರೆ, ಒಂದು ಸೊನ್ನೆ ಹೆಚ್ಚಿದ್ದರೆ, ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಕೂತಿದ್ದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನಾನು ತಿದ್ದಿದ್ದರಲ್ಲೇ ಯಾರಾದರೂ ತಪ್ಪು ತೋರಿಸಿದರೆ "ಹೌದಲ್ಲ, ಬಿಟ್ಟೇಹೋಗಿತ್ತು" ಅಂದು ಕೆಂಪು ಪೆನ್ನಿನಿಂದ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುತ್ತೇನೆ. ಎದೆ ಬಡಿದುಕೊಳ್ಳುವುದಿಲ್ಲ, ಚಿಲಕದ ಕಡೆ ಕೈ ಹೋಗುವುದಿಲ್ಲ. ಹಾಗಾದರೆ ಅವತ್ತಿನ ಆ ಒಂದು ಅಂಕಿಯಲ್ಲಿ ಅಂಥದ್ದೇನಿತ್ತು?

ಉತ್ತರ ಹುಡುಕುತ್ತಾ ಹಿಂದೆ ಹಿಂದೆ ಹೋದರೆ ಒಂದು ಕುರ್ಚಿ ಸಿಗುತ್ತದೆ. ರಾಜಕೀಯದಲ್ಲಿ ಎಲ್ಲವೂ ಕುರ್ಚಿಗಾಗಿ ಅನ್ನುತ್ತಾರಲ್ಲ, ಆ ಕುರ್ಚಿಯಲ್ಲ. ಬೆನ್ನು ಸೀಳಿ, ಸೀಳಿದ ಕಡೆ ತಂತಿ ಹಾಕಿ ಬಿಗಿದಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ.

ಹತ್ತೊಂಬತ್ತಕ್ಕೆ ಮನೆ ಬಿಟ್ಟು ಓದಲು ಹೋದವಳು ನಾನು. ಮೊದಲ ಎರಡು ತಿಂಗಳು ಒಬ್ಬರ ಜೊತೆಗೂ ಸರಿಯಾಗಿ ಮಾತಾಡಿದ ನೆನಪಿಲ್ಲ. ಸಂಜೆ ಕಾಲೇಜಿನ ಕಾರಿಡಾರಿನ ಒಂದು ಕೋಣೆಯಲ್ಲಿ ಹತ್ತು ಹದಿನೈದು ಜನ ಸೇರುತ್ತಿದ್ದರು. ಗಲಾಟೆ, ನಗು, ಏನೇನೋ ಕರಪತ್ರ. ಒಂದು ದಿನ ಬಾಗಿಲ ಹತ್ತಿರ ನಿಂತು ಒಳಗೆ ನೋಡುತ್ತಿದ್ದೆ. ಹಿರಿಯ ವಿದ್ಯಾರ್ಥಿನಿಯೊಬ್ಬರು ನನ್ನನ್ನು ನೋಡಿದವರೇ ಗೋಡೆ ಪಕ್ಕದಲ್ಲಿದ್ದ ಆ ಕುರ್ಚಿಯನ್ನು ಕಾಲಲ್ಲೇ ಎಳೆದು, "ಬಾರೇ, ಕೂತ್ಕೋ. ನಿಂಗೇನನ್ಸುತ್ತೆ ಹೇಳು," ಅಂದರು.

ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವರು ಯಾವ ವಿಷಯ ಮಾತಾಡುತ್ತಿದ್ದಾರೆ ಅಂತಲೇ ತಿಳಿದಿರಲಿಲ್ಲ. ಆದರೂ ಕೇಳಿದರಲ್ಲ ಅಂತ ಏನೋ ಹೇಳಿದೆ. ಮೂಲೆಯಲ್ಲಿದ್ದ ಒಬ್ಬರು ತಲೆದೂಗಿದರು. ತಂತಿಯ ತುದಿ ಬೆನ್ನಿಗೆ ಚುಚ್ಚುತ್ತಿತ್ತು, ಅಲ್ಲಾಡದೆ ಕೂತಿದ್ದೆ. ಅಷ್ಟು ಹಿತವಾದ ಸಂಜೆಯನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ.

ಮೂರು ತಿಂಗಳಿಗೆ ನನ್ನ ಹತ್ತಿರ ಅಭಿಪ್ರಾಯಗಳಿದ್ದವು. ಆರು ತಿಂಗಳಿಗೆ ಸಿಟ್ಟಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಹೆಗಲಿಗೆ ಹಾಕುವ ಚೀಲ, ಓದುವ ಪುಸ್ತಕ, ನಗುವ ಜೋಕು, ಹೆಸರು ಹೇಳಿದರೆ ಮುಖ ಸಿಂಡರಿಸಬೇಕಾದವರ ಪಟ್ಟಿ ಎಲ್ಲ ಸಿದ್ಧವಾಗಿತ್ತು. ಪುಸ್ತಕ ಓದಿ, ವಾದ ತೂಗಿ, ಆಮೇಲೆ ಆ ಕೋಣೆಗೆ ಹೋದೆ ಅಂತ ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಮೊದಲು ಕುರ್ಚಿ, ಆಮೇಲೆ ಪುಸ್ತಕ. ಅದೇ ಕಾರಿಡಾರಿನಲ್ಲಿ ಮೂರು ಬಾಗಿಲು ಆಚೆ ಅದೇ ಹೊತ್ತಿಗೆ ಇನ್ನೊಂದು ಗುಂಪು ಸೇರುತ್ತಿತ್ತು, ನಮ್ಮ ಕಡು ವಿರೋಧಿಗಳು. ಅಲ್ಲೂ ಕುರ್ಚಿಗಳಿದ್ದವು.

ಇದು ನನ್ನೊಬ್ಬಳ ಕಥೆಯೇನಲ್ಲ ಅಂತ ಆಮೇಲೆ ತಿಳಿಯಿತು. 1930ರ ದಶಕದಲ್ಲಿ ಥಿಯೋಡೋರ್ ನ್ಯೂಕೋಂಬ್ ಎಂಬ ಸಮಾಜ ಮನೋವಿಜ್ಞಾನಿ ಅಮೆರಿಕದ ಬೆನಿಂಗ್‌ಟನ್ ಕಾಲೇಜಿನ ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿದ್ದ. ಹೆಚ್ಚಿನವರು ಸಂಪ್ರದಾಯವಾದಿ ಶ್ರೀಮಂತ ಮನೆಗಳಿಂದ ಬಂದವರು, ಕಾಲೇಜಿನ ವಾತಾವರಣ ಮಾತ್ರ ಉದಾರವಾದಿ. ಓದು ಮುಗಿಯುವ ಹೊತ್ತಿಗೆ ಬಹಳಷ್ಟು ಜನ ಮನೆಯ ರಾಜಕೀಯ ಬಿಟ್ಟು ಕಾಲೇಜಿನ ರಾಜಕೀಯಕ್ಕೆ ಬಂದಿದ್ದರು. ಅದರಲ್ಲೂ ಕಾಲೇಜಿನ ಬಳಗದಲ್ಲಿ ಚೆನ್ನಾಗಿ ಬೆರೆತವರು, ಎಲ್ಲರ ಮೆಚ್ಚುಗೆ ಗಳಿಸಿದವರು ಹೆಚ್ಚು ಬದಲಾಗಿದ್ದರು. ಮನೆಯ ನಂಟನ್ನೇ ಗಟ್ಟಿಯಾಗಿ ಹಿಡಿದು ಅಂಚಿನಲ್ಲಿ ಉಳಿದವರು ಅಷ್ಟು ಬದಲಾಗಲಿಲ್ಲ. 1960ರ ದಶಕದಲ್ಲಿ, ಮತ್ತೆ 1980ರ ದಶಕದಲ್ಲಿ ಅದೇ ಹೆಂಗಸರನ್ನು ಹುಡುಕಿ ಮಾತಾಡಿಸಿದಾಗ ಹೆಚ್ಚಿನವರು ಆ ವಯಸ್ಸಿನಲ್ಲಿ ಕೂತ ಕಡೆಯೇ ಕೂತಿದ್ದರು. ನನ್ನ ತಂತಿ ಕುರ್ಚಿಗೆ ಇಷ್ಟು ದೊಡ್ಡ ವಂಶಾವಳಿ ಇದೆ ಅಂತ ಓದಿ ಒಂಥರಾ ಅವಮಾನವೂ ಆಯಿತು, ಸಮಾಧಾನವೂ ಆಯಿತು.

ಎಡ, ಬಲ ಅನ್ನುವ ಮಾತುಗಳೇ ಹುಟ್ಟಿದ್ದು ಕುರ್ಚಿಯಿಂದ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನಿಗೆ ವಿಟೋ ಅಧಿಕಾರ, ಅಂದರೆ ಸಭೆಯ ತೀರ್ಮಾನವನ್ನು ತಡೆಯುವ ಹಕ್ಕು, ಇರಬೇಕೋ ಬೇಡವೋ ಅಂತ ಚರ್ಚೆ ನಡೆಯುತ್ತಿದ್ದಾಗ ಬೇಕು ಅನ್ನುವವರು ಅಧ್ಯಕ್ಷರ ಬಲಕ್ಕೆ, ಬೇಡ ಅನ್ನುವವರು ಎಡಕ್ಕೆ ಸೇರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಗೋವಿಲ್ ಎಂಬ ಒಬ್ಬ ಬ್ಯಾರನ್ ಬರೆದಿಟ್ಟ ಟಿಪ್ಪಣಿ. ನನ್ನ ಅಭಿಪ್ರಾಯಕ್ಕೆ ನಾನೇ ಯಜಮಾನನಾಗಿ ಉಳಿಯೋಣ ಅಂತ ಆತ ಸಭಾಂಗಣದಲ್ಲಿ ಒಂದೊಂದು ಸಲ ಒಂದೊಂದು ಕಡೆ ಕೂತು ನೋಡಿದನಂತೆ. ಆಗಲಿಲ್ಲ. ಎಡಕ್ಕೆ ಕೂತರೆ ಯಾವಾಗಲೂ ಒಂಟಿಯಾಗಿ ಮತ ಹಾಕಬೇಕು, ಗ್ಯಾಲರಿಯಿಂದ ಲೇವಡಿ ಬೇರೆ. ಕೊನೆಗೆ ತನ್ನಂಥವರಿರುವ ಬಲಕ್ಕೆ ಹೋಗಿ ಕೂತ. ಜಗತ್ತಿನ ಎಲ್ಲ ಎಡ ಬಲಗಳ ಮೊದಲ ಕೆಲವು ವಾರಗಳಲ್ಲೇ ಒಬ್ಬ ಮನುಷ್ಯನಿಗೆ ಎರಡೂ ಕಡೆ ಕೂರುವುದು ಸಾಧ್ಯವಾಗಲಿಲ್ಲ. ಅದಕ್ಕೆ ಅವನು ಕೊಡುವ ಕಾರಣ ತತ್ವವಲ್ಲ, ಒಂಟಿತನ ಮತ್ತು ಗೇಲಿ.

ಇನ್ನು ನಮ್ಮ ಭಾಷೆಯನ್ನೇ ನೋಡಿ. ವಾದ ಅಂದರೆ ತರ್ಕ, ಚರ್ಚೆ. ಅದೇ ವಾದ ಇನ್ನೊಂದು ಪದದ ಬಾಲಕ್ಕೆ ಅಂಟಿಕೊಂಡರೆ ಸಿದ್ಧಾಂತ. ಅದಕ್ಕೆ ಒಂದು ಗುಡಿಸು ಕೊಟ್ಟು ವಾದಿ ಮಾಡಿದರೆ ಮನುಷ್ಯ. "ನಾನು ಹೀಗೆ ಯೋಚಿಸುತ್ತೇನೆ" ಅನ್ನುವಾಗ ಅಲ್ಲೊಂದು ಕ್ರಿಯಾಪದ ಇದೆ, ನಾಳೆ ಬೇರೆ ಥರ ಯೋಚಿಸಬಹುದು. "ನಾನು ಇಂಥವಾದಿ" ಅಂದಾಗ ಕ್ರಿಯಾಪದವೇ ಮಾಯ. "ನಾನು ಹೆಂಗಸು," "ನಾನು ಅವನ ತಂಗಿ" ಅಂದ ಹಾಗೆ, ನಾನು ಮತ್ತು ಅದರ ನಡುವೆ ಒಂದು ಕೂದಲು ತೂರಿಸುವಷ್ಟೂ ಜಾಗ ಇಲ್ಲ. ನ್ಯಾಯಾಲಯದಲ್ಲೂ ವಾದಿ ಅಂದರೆ ದಾವೆ ಹೂಡಿದವನು, ದಿನವಿಡೀ ಯಾರ ಮೇಲೋ ದೂರು ಹೊತ್ತು ನಿಂತವನು. ಸಿದ್ಧಾಂತ ಅನ್ನುವ ಪದದ್ದೂ ಅದೇ ಕಥೆ. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದವನ್ನು ಅವನೂ ಒಪ್ಪುವ ಹಾಗೆ ಹೇಳಬೇಕು, ಆಮೇಲೆ ಖಂಡಿಸಬೇಕು, ಕೊನೆಯಲ್ಲಿ ಸಿದ್ಧಾಂತ. ನಾವು ಕೊನೆಯದನ್ನು ಮಾತ್ರ ಇಟ್ಟುಕೊಂಡು ಮೊದಲಿನದನ್ನು ಮಾರಿಕೊಂಡಿದ್ದೇವೆ. (ಪಕ್ಷ ಅಂದರೆ ರೆಕ್ಕೆ ಅಂತಲೂ ಅರ್ಥ ಇದೆ, ಹಕ್ಕಿಗೆ ಎರಡೂ ಬೇಕು ಅಂತ ಯಾರಾದರೂ ಭಾಷಣದಲ್ಲಿ ಹೇಳೇ ಹೇಳುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ.)

ಗುಂಪು ಕಟ್ಟಿಕೊಳ್ಳುವುದಕ್ಕೆ ಸಿದ್ಧಾಂತದಷ್ಟು ಭಾರದ ವಸ್ತುವೂ ಬೇಕಿಲ್ಲ. ಹೆನ್ರಿ ತಾಜ್ಫೆಲ್ ಎಂಬ ಸಮಾಜ ಮನೋವಿಜ್ಞಾನಿ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರ ಕೈಗೆ ಸಿಕ್ಕು ಸೆರೆಯಲ್ಲಿದ್ದು, ಹೊರಗೆ ಬಂದಾಗ ಅವನ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಒಬ್ಬ ಮನುಷ್ಯ ಯಾವ ಗುಂಪಿನವನು ಅನ್ನುವುದು ಎಂಥ ಪ್ರಶ್ನೆ ಅಂತ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರಿಗೆ ಅವನು ಕ್ಲೇ ಮತ್ತು ಕಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನೀನು ಕ್ಲೇ ಗುಂಪು, ನೀನು ಕಾಂಡಿನ್‌ಸ್ಕಿ ಗುಂಪು ಅಂತ ಹೇಳಿದ. ಹಂಚಿದ್ದು ಮನಸ್ಸಿಗೆ ಬಂದ ಹಾಗೆ, ಹುಡುಗರ ಮೆಚ್ಚುಗೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗುಂಪಿನಲ್ಲಿ ಯಾರ್ಯಾರಿದ್ದಾರೆ ಅಂತಲೂ ಹೇಳಲಿಲ್ಲ. ಆಮೇಲೆ ಮುಖ ಕಾಣದ ಬೇರೆ ಹುಡುಗರಿಗೆ ಸಣ್ಣ ಮೊತ್ತದ ಹಣ ಹಂಚಲು ಹೇಳಿದ. ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು, ಅದೇನೂ ದೊಡ್ಡ ವಿಷಯವಲ್ಲ. ತಮ್ಮವರಿಗೆ ಸಿಗುವುದು ಕಡಿಮೆಯಾದರೂ ಪರವಾಗಿಲ್ಲ, ಆಚೆಯವರಿಗಿಂತ ಹೆಚ್ಚಿರಬೇಕು ಅಂತ ಹಂಚಿದವರೂ ಇದ್ದರು. ನಾನು ಈ ಭಾಗವನ್ನು ಎರಡು ಸಲ ಓದಿದೆ. ನಮ್ಮ ಕಡೆಯವರು ಸೋತ ಚುನಾವಣೆಗಳಲ್ಲಿ ನನಗೆ ನಿಜವಾಗಿ ನೋವಾದದ್ದು ಯಾವುದರಿಂದ ಅಂತ ನೆನಪಾಯಿತು. ಸೋತಿದ್ದರಿಂದ ಅಲ್ಲ, ಎದುರು ಮನೆಯವರು ನಗುವುದು ಕಂಡದ್ದರಿಂದ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಮಕ್ಕಳ ರಾಜಕೀಯ ಮನೆಯಿಂದ ಬರುತ್ತದೆ ಅನ್ನುತ್ತಾರೆ. ನಾವಿಬ್ಬರೂ ಅದೇ ಮನೆ, ಅದೇ ಅಪ್ಪ ಅಮ್ಮ, ಬೆಳಗ್ಗೆ ಪಾಳಿ ಹಚ್ಚಿ ಓದಿದ್ದೂ ಅದೇ ಪತ್ರಿಕೆ. ಅವನಿಗೆ ಬೇರೆ ಕಡೆ ಕುರ್ಚಿ ಸಿಕ್ಕಿತು, ಅಷ್ಟೇ. ಓದು ಮುಗಿಸಿ ಕೆಲಸ ಸಿಗದೆ ಎರಡು ವರ್ಷ ಮನೆಯಲ್ಲಿ ಮುಖ ತಗ್ಗಿಸಿ ಓಡಾಡಿದವನು. ಆ ಕಾಲದಲ್ಲಿ ಅವನನ್ನು ಹೆಸರು ಹಿಡಿದು ಕರೆದವರು, ಒಂದು ಜವಾಬ್ದಾರಿ ಅಂತ ಕೊಟ್ಟವರು ಆ ಗುಂಪಿನವರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಎರಡು ಗಂಟೆಗೆ ರಕ್ತ ಕೊಡಲು ಬಂದ ಇಬ್ಬರು ಹುಡುಗರೂ ಅವನ ಗುಂಪಿನವರೇ. ಅವರು ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದು ಈಗಲೂ ಕಣ್ಣ ಮುಂದಿದೆ. ಕೈ ಮುಗಿದು ಧನ್ಯವಾದ ಹೇಳಿದೆ. ಹತ್ತು ದಿನ ಕಳೆದ ಮೇಲೆ ಅದೇ ಗುಂಪನ್ನು ಮನುಷ್ಯತ್ವ ಇಲ್ಲದವರು ಅಂತ ಬೈದು ನಾನೊಂದು ಲೇಖನ ಬರೆದೆ. ಬರೆಯುವಾಗ ಆ ಹತ್ತಿ ನೆನಪಿಗೆ ಬರಲಿಲ್ಲ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಬರಲಿಲ್ಲ. ಅಣ್ಣ ಆ ಲೇಖನ ಓದಿದ್ದ, ಏನೂ ಅನ್ನಲಿಲ್ಲ.

ಅವನು ಹೇಳುವುದರಲ್ಲಿ ಈಗಲೂ ಹೆಚ್ಚಿನದು ನನಗೆ ತಪ್ಪೇ ಅನ್ನಿಸುತ್ತದೆ. ಆದರೆ ಅವನು ಅದನ್ನು ಬಿಡುವುದು ಅಂದರೆ ಏನು ಅಂತ ಈಗ ಅಂದಾಜಿದೆ. ಒಂದು ತರ್ಕವನ್ನು ಬಿಡುವುದಲ್ಲ, ರಾತ್ರಿ ಎರಡು ಗಂಟೆಗೆ ಬಂದವರನ್ನು ಬಿಡುವುದು. ಕೋಷ್ಟಕ ತೋರಿಸಿ ಅದನ್ನು ಬಿಡಿಸಲು ಹೊರಟಿದ್ದೆನಲ್ಲ ನಾನು, ವರ್ಷಗಟ್ಟಲೆ! ಋಣಕ್ಕೆ ಅಂಕಿಅಂಶ ಉತ್ತರವಲ್ಲ.

ಹೋದ ವರ್ಷ ಮನೆ ಬದಲಾಯಿಸುವಾಗ ಒಂದು ಹಳೇ ಟ್ರಂಕಿನಲ್ಲಿ ಕಾಲೇಜು ದಿನದ ಗೋಡೆ ಪತ್ರಿಕೆಯ ಹಾಳೆಗಳು ಸಿಕ್ಕವು. ಒಂದರಲ್ಲಿ ನನ್ನದೇ ಅಕ್ಷರ, ನೀಲಿ ಸ್ಕೆಚ್ ಪೆನ್ನು. ಒಂದು ಸರ್ಕಾರಿ ನೀತಿಯನ್ನು ವಿರೋಧಿಸಿ ಏಳು ಕಾರಣ ಕೊಟ್ಟಿದ್ದೆ, ಒಂದೊಂದಕ್ಕೂ ಎರಡೆರಡು ಗೆರೆ ಎಳೆದಿದ್ದೆ. ಓದುತ್ತಾ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಯಾಕೆಂದರೆ ಈಗ ನಾನು ಅದೇ ನೀತಿಯ ಪರ. ಸುಮ್ಮನೆ ಪರವಲ್ಲ, ಅದನ್ನು ವಿರೋಧಿಸುವವರ ತಲೆಯಲ್ಲಿ ಏನಿದೆ ಅಂತ ಕೇಳುವಷ್ಟು ಪರ. ಯಾವಾಗ ಬದಲಾದೆ? ಹುಡುಕಿದರೆ ದಿನ ಸಿಗುವುದಿಲ್ಲ, ರಾತ್ರಿ ನಿದ್ದೆಗೆಟ್ಟು ಯೋಚಿಸಿದ ನೆನಪೂ ಇಲ್ಲ. ನಡುವೆ ಒಂದು ಸಲ ನಮ್ಮ ಕಡೆಯ ದೊಡ್ಡವರು ನಿಲುವು ಬದಲಾಯಿಸಿದ್ದರು. ಆ ಹೊಸ ನಿಲುವಿನ ಪುಸ್ತಿಕೆಯ ಕರಡು ತಿದ್ದಿದ್ದು ನಾನೇ. ಅದರಲ್ಲಿ ಹನ್ನೊಂದು ಕಾಗುಣಿತದ ತಪ್ಪು ಹಿಡಿದಿದ್ದೆ. ಏಳು ಕಾರಣಗಳಲ್ಲಿ ಒಂದೂ ನೆನಪಾಗಿರಲಿಲ್ಲ.

ಜೆಫ್ರಿ ಕೋಹೆನ್ ಎಂಬ ಮನೋವಿಜ್ಞಾನಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಅಮೆರಿಕದ ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಯ ಎರಡು ಬಗೆಯ ಕರಡು ಕೊಟ್ಟ. ಒಂದು ಬಹಳ ಉದಾರ, ಇನ್ನೊಂದು ಬಹಳ ಬಿಗಿ. ಇದಕ್ಕೆ ನಿಮ್ಮ ಪಕ್ಷದ ಬೆಂಬಲ ಇದೆ ಅಂತ ಹೇಳಿದರೆ ಉದಾರವಾದಿಗಳು ಬಿಗಿಯದನ್ನೂ ಒಪ್ಪಿದರು, ಸಂಪ್ರದಾಯವಾದಿಗಳು ಉದಾರದ್ದನ್ನೂ ಒಪ್ಪಿದರು. ಯೋಜನೆಯ ವಿವರಕ್ಕೆ ಬೆಲೆಯೇ ಇರಲಿಲ್ಲ. ಕೇಳಿದರೆ ಅವರು, ನಾನು ವಿವರ ನೋಡಿ ತೀರ್ಮಾನಿಸಿದೆ, ಆದರೆ ಉಳಿದವರು ಪಕ್ಷದ ಮಾತು ಕೇಳಿ ಹಾಗೆ ಮಾಡಿರಬಹುದು ಅಂದರು. ಕೊನೆಯ ಆ ಮಾತು ಓದಿ ನಾನು ಜೋರಾಗಿ ನಕ್ಕೆ. ನನ್ನದೇ ದನಿ ಕೇಳಿದ ಹಾಗಾಯಿತು.

ಇನ್ನೊಂದು ಪ್ರಯೋಗವಂತೂ ಕರಡು ತಿದ್ದುವವಳಿಗೆ ಹೇಳಿ ಮಾಡಿಸಿದ್ದು. 2010ರ ಸ್ವೀಡನ್ ಚುನಾವಣೆಗೆ ಮುಂಚೆ ಸಂಶೋಧಕರು ರಸ್ತೆಯಲ್ಲಿ ಮತದಾರರಿಗೆ ತೆರಿಗೆ, ಆರೋಗ್ಯ, ಇಂಥ ವಿಷಯಗಳ ಪ್ರಶ್ನಾವಳಿ ಕೊಟ್ಟರು. ಜನ ತುಂಬುತ್ತಿದ್ದಾಗ ಪಕ್ಕದಲ್ಲೇ ನಿಂತು ಉತ್ತರಗಳನ್ನು ಗುಟ್ಟಾಗಿ ಇನ್ನೊಂದು ಚೀಟಿಯಲ್ಲಿ ಉಲ್ಟಾ ತುಂಬಿ, ಕೈಚಳಕದಿಂದ ಮೂಲದ ಮೇಲೆ ಅಂಟಿಸಿ ವಾಪಸ್ ಕೊಟ್ಟರು. ಈಗ ನಿಮ್ಮ ಉತ್ತರಗಳನ್ನು ವಿವರಿಸಿ ಅಂದರು. ಬದಲಾಯಿಸಿದ ಉತ್ತರಗಳಲ್ಲಿ ಜನ ಪತ್ತೆ ಹಚ್ಚಿದ್ದು 22 ಪ್ರತಿಶತ ಮಾತ್ರ. ಉಳಿದವಕ್ಕೆ ತಾವು ಕೊಡದ ಉತ್ತರವನ್ನೇ ತಮ್ಮದೆಂದು ನಂಬಿ ಸಮರ್ಥಿಸಿಕೊಂಡರು. 92 ಪ್ರತಿಶತ ಜನ ತಿರುಚಿದ ಒಟ್ಟು ಫಲಿತಾಂಶವನ್ನು ತಮ್ಮ ರಾಜಕೀಯವೆಂದೇ ಒಪ್ಪಿದರು. ಇದನ್ನು ಓದಿದಾಗ ಒಂದು ಆಶೆಯೂ ಹುಟ್ಟಿತು. ಬದಲಾವಣೆ ತಾನೇ ಮಾಡಿದ್ದು ಅಂತ ಕಂಡರೆ ಮನುಷ್ಯ ಎಷ್ಟು ಸಲೀಸಾಗಿ ಒಪ್ಪುತ್ತಾನೆ! ಎದುರಿನವನು ಫೋನು ಹಿಡಿದು "ನೋಡಿದ್ಯಾ?" ಅಂದಾಗ ಮಾತ್ರ ಚಿಲಕ ಬೀಳುವುದು.

ಚಿಲಕ ಬೀಳುವ ಹೊತ್ತಿನಲ್ಲಿ ತಲೆಯೊಳಗೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. 2016ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಗಟ್ಟಿ ರಾಜಕೀಯ ನಂಬಿಕೆಯ 40 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಅವರ ನಂಬಿಕೆಗಳಿಗೆ ವಿರುದ್ಧವಾದ ವಾದಗಳನ್ನು ತೋರಿಸಿದರು. ಬಲ್ಬು ಕಂಡುಹಿಡಿದದ್ದು ಎಡಿಸನ್ ಅನ್ನುವಂಥ ನಂಬಿಕೆಯಾದರೆ ಜನ ಸ್ವಲ್ಪ ಸಡಿಲವಾದರು. ರಾಜಕೀಯದ್ದಾದರೆ ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಆಗ ಹೆಚ್ಚು ಚುರುಕಾಗಿದ್ದ ಮೆದುಳಿನ ಜಾಲ, ನಾವು ನಮ್ಮ ಬಗ್ಗೆಯೇ ಯೋಚಿಸುವಾಗಲೂ ಕೆಲಸ ಮಾಡುವಂಥದ್ದು. ಅಲುಗದೆ ಉಳಿದವರಲ್ಲಿ ಅಮಿಗ್ಡಲಾ ಮತ್ತು ಇನ್ಸುಲಾ ಎಂಬ, ಬೆದರಿಕೆ ಮತ್ತು ಭಾವನೆಗೆ ಸಂಬಂಧಪಟ್ಟ ಭಾಗಗಳೂ ಹೆಚ್ಚು ಚುರುಕಾಗಿದ್ದವು. ನಲವತ್ತು ಜನ, ಅವರೂ ಎಲ್ಲ ಉದಾರವಾದಿಗಳೇ, ಇದರ ಮೇಲೆ ದೊಡ್ಡ ಸೌಧ ಕಟ್ಟುವ ಹಾಗಿಲ್ಲ. ನನ್ನ ಬಿಸಿಯಾದ ಕಿವಿಗೆ ಮಾತ್ರ ಸಾಕಷ್ಟು ಸಾಕ್ಷಿ.

ಇನ್ನೊಂದು ಹೇಳದೆ ಈ ಬರಹ ಪ್ರಾಮಾಣಿಕ ಆಗುವುದಿಲ್ಲ. ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳಿದ್ದಳು, ಆ ಕಾಲೇಜು ಕೋಣೆಯಿಂದಲೂ ಜೊತೆಗಿದ್ದವಳು. ಒಂದು ರಾತ್ರಿ, ನಮ್ಮ ಕಡೆಯವರು ಮಾಡಿದ ಒಂದು ಕೆಲಸದ ಬಗ್ಗೆ, "ಇದು ಯಾಕೋ ಸರಿ ಕಾಣ್ತಿಲ್ಲ ಕಣ್ರೇ. ಅವರು ಮಾಡಿದ್ದಿದ್ರೆ ನಾವು ಸುಮ್ನಿರ್ತಿದ್ವಾ?" ಅಂತ ಹಾಕಿದಳು. ಎಲ್ಲರೂ ನೋಡಿದ ಗುರುತು ಬಿತ್ತು. ಯಾರೂ ಬೈಯಲಿಲ್ಲ. ಅದೇ ಭಯಂಕರ, ಯಾರೂ ಏನೂ ಅನ್ನಲಿಲ್ಲ. ಬೆಳಗ್ಗೆ ಯಾರೋ ಬೇರೆ ವಿಷಯದ ವಿಡಿಯೋ ಹಾಕಿದರು, ಅದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೂ ಅದು ಸರಿ ಕಂಡಿರಲಿಲ್ಲ. ಉತ್ತರ ಟೈಪ್ ಮಾಡಿದ್ದೆ, "ನಂಗೂ ಹಾಗೇ ಅನ್ಸುತ್ತೆ." ಮೂರು ಪದ. ಕಳಿಸುವ ಬಾಣದ ಗುರುತಿನ ಮೇಲೆ ಬೆರಳಿತ್ತು. ಒಂದೊಂದೇ ಅಕ್ಷರ ಅಳಿಸಿದೆ. ಮೂರು ವಾರಕ್ಕೆ ಅವಳು ಗುಂಪು ಬಿಟ್ಟಳು. "ಅವಳು ಮೊದಲಿಂದಲೂ ಅರೆಮನಸ್ಸಿನವಳೇ" ಅಂತ ಒಬ್ಬರು ಬರೆದರು. ಇಪ್ಪತ್ತು ವರ್ಷದ ಗೆಳತಿ ಒಂದು ವಾಕ್ಯಕ್ಕೆ ಮೊದಲಿಂದಲೂ ಅರೆಮನಸ್ಸಿನವಳಾದಳು. ಆ ಬ್ಯಾರನ್ನಿಗಾದರೂ ಗ್ಯಾಲರಿಯಿಂದ ಕೂಗು ಕೇಳಿಸುತ್ತಿತ್ತು, ನಮ್ಮ ಗ್ಯಾಲರಿಯಲ್ಲಿ ಬರೀ ನೀಲಿ ಗುರುತು.

ಹಾಗಂತ ಯಾವ ಕಡೆಯೂ ಕೂರದವರೇ ವಿವೇಕಿಗಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. "ನಂಗೆ ರಾಜಕೀಯ ಆಗಲ್ಲಪ್ಪ" ಅನ್ನುವವರದ್ದೂ ಒಂದು ಗುಂಪೇ, ಅವರೂ ತಮ್ಮಂಥವರ ಮಧ್ಯೆಯೇ ಕೂತಿರುತ್ತಾರೆ, ಸ್ವಲ್ಪ ಮೆತ್ತನೆಯ ಕುರ್ಚಿಯಲ್ಲಿ. ಇನ್ನು ಕೆಲವರಿಗೆ ಈ ಆಯ್ಕೆಯೇ ಇರುವುದಿಲ್ಲ. ಯಾರ ಮೈಮೇಲೆ, ಯಾರ ಮದುವೆಯ ಮೇಲೆ, ಯಾರ ಕಾಲ ಕೆಳಗಿನ ನೆಲದ ಮೇಲೆ ಕಾನೂನು ಬಂದು ಕೂರುತ್ತದೋ ಅವರಿಗೆ "ರಾಜಕೀಯವನ್ನು ವೈಯಕ್ತಿಕವಾಗಿ ತಗೋಬೇಡಿ" ಅನ್ನುವುದು ಉದ್ಧಟತನ. ಅವರು ತಗೊಂಡಿದ್ದಲ್ಲ, ಅದೇ ಬಂದು ಅವರನ್ನು ಹಿಡಿದದ್ದು. ಜೈಲಿಗೆ ಹೋದವರು, ಕೆಲಸ ಕಳೆದುಕೊಂಡವರು, ವರ್ಷಗಟ್ಟಲೆ ಸೋತೂ ಸೋತೂ ಮತ್ತೆ ಮೆರವಣಿಗೆಗೆ ಬಂದವರು ಬರೀ ಒಂದು ಅಭಿಪ್ರಾಯದ ಬಲದಿಂದ ಬಂದವರಲ್ಲ. ಅಷ್ಟು ದೂರ ನಡೆಸುವ ಕಸುವು ಅಭಿಪ್ರಾಯಕ್ಕಿಲ್ಲ. ನನ್ನ ಹಿರಿಯ ಗೆಳತಿ ಅವತ್ತು ಕುರ್ಚಿ ಎಳೆಯದೆ ಕರಪತ್ರ ಮಾತ್ರ ಕೊಟ್ಟಿದ್ದರೆ ಅದನ್ನು ಮಡಚಿ ಪುಸ್ತಕದಲ್ಲಿಟ್ಟು ಮರೆಯುತ್ತಿದ್ದೆ.

ಬಿಟ್ಟುಹೋದ ಆ ಗೆಳತಿಗೆ ಹೋದ ತಿಂಗಳು ಫೋನ್ ಮಾಡಿದೆ. ಅಳಿಸಿದ ಮೂರು ಪದದ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹೌದಾ," ಅಂದಳು. ಅಷ್ಟೇ. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಅಣ್ಣನಿಗೆ ಬರೆಯುವುದು ಅದಕ್ಕಿಂತ ಕಷ್ಟವಾಯಿತು. ಎರಡು ವರ್ಷದಿಂದ ನಮ್ಮ ನಡುವೆ ಅಮ್ಮನ ಮಾತ್ರೆ, ಮನೆ ಕಾಗದಪತ್ರ, ಇಷ್ಟೇ ಮಾತು. "ಅವತ್ತಿನ ಅಂಕಿ ವಿಷಯದಲ್ಲಿ ನೀನು ಹೇಳಿದ್ದೇ ಸರಿ" ಅಂತ ಟೈಪ್ ಮಾಡಿದೆ. ಕೂಡಲೇ ಬೆರಳು, "ಆದರೆ ಒಟ್ಟಾರೆ ನೋಡಿದರೆ" ಅಂತ ಮುಂದುವರಿಸಿತು. ಕರಡು ತಿದ್ದುವವಳಲ್ಲವೇ, ಆ ಎರಡನೇ ವಾಕ್ಯವನ್ನು ಹೊಡೆದುಹಾಕಿದೆ. ಮತ್ತೆ ಹಾಕಿದೆ. ಮತ್ತೆ ತೆಗೆದೆ. ನಾಲ್ಕು ದಿನ ಹೀಗೇ ಆಯಿತು. ಐದನೇ ದಿನ ಮೊದಲ ವಾಕ್ಯ ಒಂದನ್ನೇ ಕಳಿಸಿ ಫೋನನ್ನು ಮಗುಚಿಟ್ಟೆ.

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು.

"ಯಾವ ಅಂಕಿ?"

ನೋಡುತ್ತಾ ಕೂತೆ. ಏನು ಬರೆಯಲಿ ಅಂತ ಯೋಚಿಸುತ್ತಿರುವಾಗಲೇ ಇನ್ನೊಂದು ಬಂತು.

"ಅಂಕಿ ಗಿಂಕಿ ನೆನಪಿಲ್ಲ ಕಣೇ. ನೀನು ಎದ್ದು ಹೋಗಿ ಚಿಲಕ ಹಾಕ್ಕೊಂಡಿದ್ದು ನೆನಪಿದೆ. ಭಾನುವಾರ ಬರ್ತೀಯಾ?"